ಕಾಯ್ಲೋವರ್ ಕೊಳ್ಳುವ ಮುನ್ನ: ತಗ್ಗಿಸಿದ ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಯ್ಲೋವರ್ ಎಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ (ಶಾಕ್) ಜೋಡಿ. ‘ಎಷ್ಟು ಕೆಳಗಿಳಿಯುತ್ತೆ?’ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಅದನ್ನು ಕೊನೆಗಿಟ್ಟುಕೊಳ್ಳಿ. ಚಕ್ರ ಮೇಲೆ ಕೆಳಗೆ ಓಡಾಡಲು ಎಷ್ಟು ಜಾಗ ಉಳಿಯುತ್ತದೆ, ಆ ಜಾಗಕ್ಕೆ ಎಷ್ಟು ಗಟ್ಟಿ ಸ್ಪ್ರಿಂಗ್ ಬೇಕು, ಆ ಸ್ಪ್ರಿಂಗನ್ನು ಹಿಡಿತದಲ್ಲಿಡುವ ಶಾಕ್ ಯಾವುದು ಎಂಬ ಮೂರು ವಿಷಯ ತೀರ್ಮಾನವಾದರೆ, ಕಾರನ್ನು ಎಷ್ಟು ಇಳಿಸಬಹುದು ಎಂಬುದು ಹೆಚ್ಚುಕಡಿಮೆ ತಾನಾಗಿಯೇ ಗೊತ್ತಾಗುತ್ತದೆ.

ಲೋವರಿಂಗ್ ಸ್ಪ್ರಿಂಗ್ ಸಾಲದೇ? ಕಾಯ್ಲೋವರೇ ಏಕೆ?

ಇಳಿಕೆ 25 ಮಿ.ಮೀ. ಒಳಗಿದ್ದು, ಹೊಸ ಸ್ಪ್ರಿಂಗ್ ಕಂಪನಿಯದಕ್ಕಿಂತ ಸ್ವಲ್ಪವೇ ಗಟ್ಟಿಯಾಗಿದ್ದು, ಶಾಕ್‌ಗಳು ಇನ್ನೂ ಚೆನ್ನಾಗಿದ್ದರೆ ಸಾಕಾಗುತ್ತದೆ. ಅದನ್ನು ಮೀರಿದರೆ ಎರಡು ತೊಂದರೆಗಳಿವೆ. ಒಂದು, ಕಂಪನಿಯ ಶಾಕ್‌ನ ಉದ್ದ ಮೊದಲಿನಷ್ಟೇ ಇರುತ್ತದೆ. ಕಾರು ಇಳಿದಷ್ಟೂ ಪಿಸ್ಟನ್ ಒಳಗೆ ಕೂತಿರುತ್ತದೆ, ಬಂಪ್ ಸ್ಟಾಪ್ (ಚಲನೆಯ ಕೊನೆಯಲ್ಲಿ ಪೆಟ್ಟು ತಡೆಯುವ ಮೆತ್ತನೆಯ ತುಂಡು) ಹತ್ತಿರವಾಗುತ್ತದೆ. ಎರಡು, ಆ ಶಾಕ್‌ನ ವಾಲ್ವ್‌ಗಳನ್ನು ಹಳೆಯ ಸ್ಪ್ರಿಂಗಿಗೆ ಲೆಕ್ಕ ಹಾಕಿ ಕೂರಿಸಿರುತ್ತಾರೆ. ಬೇಕಾಗುವ ಡ್ಯಾಂಪಿಂಗ್ (ಕುಣಿತವನ್ನು ತಡೆಯುವ ಬಲ) ಸ್ಪ್ರಿಂಗ್ ರೇಟ್‌ನ, ಅಂದರೆ ಸ್ಪ್ರಿಂಗ್‌ನ ಗಟ್ಟಿತನದ, ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಡ್ಯಾಂಪಿಂಗ್ ಸುಮಾರು ಶೇ. 41ರಷ್ಟು ಹೆಚ್ಚಬೇಕು. ಹೆಚ್ಚದಿದ್ದರೆ ಉಬ್ಬು ದಾಟಿದ ಮೇಲೂ ಕಾರು ಕುಣಿಯುತ್ತಲೇ ಇರುತ್ತದೆ.

ಕಾಯ್ಲೋವರ್ ಕಿಟ್‌ನಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಒಂದಕ್ಕೊಂದು ಹೊಂದುವಂತೆ ಜೊತೆಯಾಗಿ ಬರುತ್ತವೆ. ಶಾಕ್‌ನ ದೇಹ ಗಿಡ್ಡ. ಅದರ ಮೇಲಿನ ಥ್ರೆಡ್‌ನಿಂದಾಗಿ ಎತ್ತರವನ್ನು ಬೇಕಾದಂತೆ ಹೊಂದಿಸಬಹುದು.

ಎತ್ತರ ಹೊಂದಿಸುವುದರಲ್ಲೂ ಎರಡು ಬಗೆ ಇದೆಯಂತೆ, ವ್ಯತ್ಯಾಸವೇನು?

ಮೊದಲ ಬಗೆಯಲ್ಲಿ ಸ್ಪ್ರಿಂಗ್ ಕೂರುವ ತಟ್ಟೆ ಮಾತ್ರ ಮೇಲೆ ಕೆಳಗೆ ಹೋಗುತ್ತದೆ. ತಟ್ಟೆ ಇಳಿಸಿದರೆ ಕಾರು ಇಳಿಯುತ್ತದೆ, ಜೊತೆಗೆ ಪಿಸ್ಟನ್ ಕೂಡ ಒಳಗೆ ಸರಿಯುತ್ತದೆ. ಅಂದರೆ ಇಳಿಸಿದ ಪ್ರತಿ ಮಿ.ಮೀ. ಕೂಡ ಮೇಲ್ಮುಖ ಚಲನೆಯಿಂದ ಕಡಿತ. ಬಿಲ್‌ಸ್ಟೈನ್ ಬಿ14, ಕೆಡಬ್ಲ್ಯೂ ವೇರಿಯಂಟ್ ಸಾಲಿನ ಕಿಟ್‌ಗಳು ಬಹುತೇಕ ಈ ಬಗೆಯವು. ತಯಾರಕರು ಹೇಳಿದ ಎತ್ತರದ ಮಿತಿಯೊಳಗೆ ಇವು ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ, ಮಿತಿ ದಾಟಿದರೆ ಕೆಡುತ್ತವೆ.

ಎರಡನೆಯ ಬಗೆಯಲ್ಲಿ ಕೆಳಗಿನ ಬ್ರಾಕೆಟ್ಟೇ ಶಾಕ್ ದೇಹದ ಮೇಲೆ ತಿರುಗುತ್ತದೆ. ಒಟ್ಟು ಉದ್ದ ಬದಲಾದರೂ ಸ್ಪ್ರಿಂಗ್ ಮತ್ತು ಪಿಸ್ಟನ್ ಇದ್ದಲ್ಲೇ ಇರುತ್ತವೆ. ಟೈನ್ ಫ್ಲೆಕ್ಸ್ ಜ಼ಡ್, ಬಿಸಿ ರೇಸಿಂಗ್ ಬಿಆರ್ ಈ ಗುಂಪಿಗೆ ಸೇರಿದವು. ‘ಎಷ್ಟು ಇಳಿಸಿದರೂ ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಕಡಿಮೆಯಾಗುವುದಿಲ್ಲ’ ಎಂಬ ಜಾಹೀರಾತು ಇವುಗಳದ್ದೇ. ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಶಾಕ್‌ನ ಒಳಗೆ ಸ್ಟ್ರೋಕ್ ಉಳಿದಿದ್ದರೂ ಟೈರಿಗೂ ಬಾಡಿಗೂ ನಡುವೆ ಜಾಗ ಉಳಿದಿರಬೇಕಲ್ಲ? ಬಂಪ್ ಸ್ಟಾಪ್ ಮುಟ್ಟುವ ಮೊದಲೇ ಟೈರ್ ಒಳ ಮಡ್‌ಗಾರ್ಡಿಗೆ ಬಡಿಯಬಹುದು, ಆಕ್ಸಲ್ ಚಾಸಿಗೆ ತಾಗಬಹುದು.

ಪರೀಕ್ಷಿಸುವುದು ಸುಲಭ. ಸ್ಪ್ರಿಂಗ್ ತೆಗೆದು ಶಾಕ್ ಮಾತ್ರ ಕೂರಿಸಿ, ಚಕ್ರ ಹಾಕಿ, ಲೋವರ್ ಆರ್ಮ್ (ಚಕ್ರವನ್ನು ಚಾಸಿಗೆ ಸೇರಿಸುವ ಕೆಳಗಿನ ತೋಳು) ಕೆಳಗೆ ಜ್ಯಾಕ್ ಕೊಟ್ಟು ಬಂಪ್ ಸ್ಟಾಪ್ ಒತ್ತುವವರೆಗೆ ಎತ್ತಿ. ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ. ಎಲ್ಲಾದರೂ ತಾಗಿದರೆ ಅದು ಅಂಗಳದಲ್ಲೇ ಗೊತ್ತಾಗಲಿ, ತಿರುವಿನ ನಡುವೆ ಬೇಡ.

ಕೆಳಗಿನ ಬ್ರಾಕೆಟ್ಟಿನೊಳಗೆ ಎಷ್ಟು ಥ್ರೆಡ್ ಇರಬೇಕೆಂದು ತಯಾರಕರು ಕನಿಷ್ಠ ಅಳತೆ ಕೊಟ್ಟಿರುತ್ತಾರೆ. ಕಾರು ಎತ್ತರ ಮಾಡುವ ಭರದಲ್ಲಿ ಅದನ್ನು ಮೀರಬೇಡಿ. ಇಡೀ ಚಕ್ರದ ಭಾರ ನಿಂತಿರುವುದು ಆ ಥ್ರೆಡ್ ಮೇಲೆ.

ಪ್ರೀಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆಯೇ?

ಇಲ್ಲ. ಪ್ರೀಲೋಡ್ ಎಂದರೆ ಕಾರಿನ ಭಾರ ಬೀಳುವ ಮೊದಲೇ ಸ್ಪ್ರಿಂಗನ್ನು ಒತ್ತಿ ಕೂರಿಸುವುದು. ಲೆಕ್ಕ ನೋಡಿ. ಸ್ಪ್ರಿಂಗ್ ರೇಟ್ ಮಿ.ಮೀ.ಗೆ 8 ಕೆಜಿ, ಅದರ ಮೇಲೆ ಬೀಳುವ ಭಾರ 400 ಕೆಜಿ ಎಂದುಕೊಳ್ಳೋಣ. ಕಾರು ನೆಲಕ್ಕಿಳಿದಾಗ ಸ್ಪ್ರಿಂಗ್ 50 ಮಿ.ಮೀ. ಕುಗ್ಗುತ್ತದೆ. ಮೊದಲೇ 10 ಮಿ.ಮೀ. ಪ್ರೀಲೋಡ್ ಕೊಟ್ಟಿದ್ದರೆ ಭಾರ ಬಿದ್ದಾಗ ಇನ್ನು 40 ಮಾತ್ರ ಕುಗ್ಗುತ್ತದೆ. ಒಟ್ಟು ಮತ್ತೆ 50. ಮುಂದಿನ ಒಂದು ಮಿ.ಮೀ.ಗೆ ಬೇಕಾದ ಭಾರ ಆಗಲೂ 8 ಕೆಜಿ, ಈಗಲೂ 8 ಕೆಜಿ.

ಬದಲಾದದ್ದು ಪಿಸ್ಟನ್ ನಿಂತ ಜಾಗ. ಅದು 10 ಮಿ.ಮೀ. ಹೊರಗೆ ಬಂದಿದೆ. ಮೇಲ್ಮುಖ ಚಲನೆಗೆ 10 ಸಿಕ್ಕಿತು, ಕೆಳಮುಖ ಚಲನೆಯಲ್ಲಿ 10 ಹೋಯಿತು. ಕೆಳಮುಖ ಚಲನೆ ತೀರಾ ಕಡಿಮೆಯಾದರೆ ತಿರುವಿನಲ್ಲಿ ಒಳಬದಿಯ ಚಕ್ರ ನೆಲ ಬಿಡುತ್ತದೆ, ಹಂಪ್ ಇಳಿಯುವಾಗ ಶಾಕ್ ತುದಿಗೆ ಬಂದು ‘ಟಕ್’ ಎನ್ನುತ್ತದೆ. ಬ್ರಾಕೆಟ್ಟಿನಿಂದ ಎತ್ತರ ಹೊಂದಿಸುವ ಕಿಟ್‌ಗಳಲ್ಲಿ ಸ್ಪ್ರಿಂಗ್ ಅಲ್ಲಾಡದಷ್ಟು, 0ಯಿಂದ 5 ಮಿ.ಮೀ. ಪ್ರೀಲೋಡ್ ಕೊಟ್ಟು ಉಳಿದದ್ದನ್ನು ಬ್ರಾಕೆಟ್ಟಿಗೆ ಬಿಡುವುದು ಒಳ್ಳೆಯ ಆರಂಭ.

ಸ್ಪ್ರಿಂಗ್ ರೇಟ್ ಎಷ್ಟಿರಬೇಕು? ‘8 ಕೆಜಿ’, ‘10 ಕೆಜಿ’ ಎಂದರೆ ಏನು?

ಒಂದು ಮಿ.ಮೀ. ಕುಗ್ಗಿಸಲು ಬೇಕಾದ ಭಾರ. 1 ಕೆಜಿ/ಮಿ.ಮೀ. ಎಂದರೆ 9.81 ನ್ಯೂಟನ್/ಮಿ.ಮೀ., ಅಥವಾ ಇಂಚಿಗೆ ಸುಮಾರು 56 ಪೌಂಡ್.

ಆದರೆ ಗೆಳೆಯನ ಕಾರಿನಲ್ಲಿ 8 ಕೆಜಿ ಚೆನ್ನಾಗಿದೆ ಎಂದು ನಿಮ್ಮ ಕಾರಿಗೂ 8 ತರಬೇಡಿ. ಚಕ್ರಕ್ಕೆ ತಲುಪುವುದು ಸ್ಪ್ರಿಂಗ್‌ನ ಪೂರ್ತಿ ರೇಟ್ ಅಲ್ಲ. ಚಕ್ರ 10 ಮಿ.ಮೀ. ಮೇಲೇರಿದಾಗ ಸ್ಪ್ರಿಂಗ್ 7 ಮಿ.ಮೀ. ಕುಗ್ಗಿದರೆ ಮೋಷನ್ ರೇಷಿಯೋ 0.7. ಚಕ್ರದ ಬಳಿಯ ಗಟ್ಟಿತನ ಬೇಕೆಂದರೆ ಸ್ಪ್ರಿಂಗ್ ರೇಟನ್ನು ಇದರ ವರ್ಗದಿಂದ, ಅಂದರೆ 0.49ರಿಂದ ಗುಣಿಸಬೇಕು. ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ (ಸ್ಪ್ರಿಂಗ್, ಶಾಕ್ ಒಂದೇ ಕಂಬವಾಗಿ ಚಕ್ರದ ಪಕ್ಕದಲ್ಲೇ ನಿಲ್ಲುವ ಜೋಡಣೆ) ಈ ರೇಷಿಯೋ 1ರ ಹತ್ತಿರ ಇರುತ್ತದೆ. ಡಬಲ್ ವಿಷ್‌ಬೋನ್‌ನಲ್ಲಿ (ಮೇಲೊಂದು, ಕೆಳಗೊಂದು ಆರ್ಮ್), ಹಿಂದಿನ ಮಲ್ಟಿಲಿಂಕ್‌ನಲ್ಲಿ (ಹಲವು ಆರ್ಮ್‌ಗಳು) ಸಾಕಷ್ಟು ಕಡಿಮೆ.

ಎರಡು ಕಾರು ಹೋಲಿಸೋಣ. ಎರಡರಲ್ಲೂ ಒಂದು ಮೂಲೆಯ ಸ್ಪ್ರಿಂಗ್ ಮೇಲಿನ ತೂಕ (ಚಕ್ರ, ಬ್ರೇಕ್, ಹಬ್ ಬಿಟ್ಟು) 300 ಕೆಜಿ.

ಡಬಲ್ ವಿಷ್‌ಬೋನ್, ಸ್ಪ್ರಿಂಗ್ 8 ಕೆಜಿ, ರೇಷಿಯೋ 0.7: ಚಕ್ರದ ಬಳಿ ಸುಮಾರು 38.5 ನ್ಯೂಟನ್/ಮಿ.ಮೀ. ಕಂಪನ ವೇಗ (ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಎಂಬುದು) 1.8 ಹರ್ಟ್ಸ್.

ಸ್ಟ್ರಟ್, ಸ್ಪ್ರಿಂಗ್ 6 ಕೆಜಿ, ರೇಷಿಯೋ 0.95: ಚಕ್ರದ ಬಳಿ ಸುಮಾರು 53 ನ್ಯೂಟನ್/ಮಿ.ಮೀ. ಕಂಪನ ವೇಗ 2.1 ಹರ್ಟ್ಸ್.

ಪೆಟ್ಟಿಗೆಯ ಮೇಲೆ 6 ಎಂದು ಬರೆದಿರುವುದೇ ಹೆಚ್ಚು ಗಟ್ಟಿ! ಸೂತ್ರ ಇಷ್ಟೇ: ಚಕ್ರದ ಬಳಿಯ ರೇಟನ್ನು ನ್ಯೂಟನ್/ಮೀಟರ್‌ನಲ್ಲಿ ಬರೆದು ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿ. ಸಾಮಾನ್ಯ ಕಾರುಗಳು 1ರಿಂದ 1.5 ಹರ್ಟ್ಸ್ ಒಳಗಿರುತ್ತವೆ. ದಿನಾ ಓಡಿಸುವ ಸ್ಪೋರ್ಟ್ಸ್ ಕಾರಿಗೆ 1.6ರಿಂದ 1.9 ಹಿತ. ರಸ್ತೆ, ಟ್ರ್ಯಾಕ್ ಎರಡೂ ಬೇಕೆಂದರೆ 2ರ ಆಸುಪಾಸು. 2.3 ದಾಟಿದರೆ ರಸ್ತೆಯ ಪ್ರತಿ ಕಲ್ಲೂ ಬೆನ್ನುಮೂಳೆಗೆ ಲೆಕ್ಕ ಒಪ್ಪಿಸುತ್ತದೆ. ರಸ್ತೆ ಬಳಕೆಗೆ ಹಿಂದಿನ ಕಂಪನ ವೇಗ ಮುಂದಿನದಕ್ಕಿಂತ ಶೇ. 10ರಷ್ಟು ಹೆಚ್ಚಿದ್ದರೆ ಉಬ್ಬು ದಾಟಿದ ಮೇಲೆ ಕಾರು ತೊಟ್ಟಿಲಿನಂತೆ ತೂಗುವುದು ಬೇಗ ನಿಲ್ಲುತ್ತದೆ.

ಇನ್ನೊಂದು ಮಾತು. ಕಾರು ಇಳಿದಷ್ಟೂ ಮೇಲ್ಮುಖ ಚಲನೆ ಕಡಿಮೆ, ಆದ್ದರಿಂದ ಸ್ಪ್ರಿಂಗ್ ಗಟ್ಟಿ ಇರಲೇಬೇಕು. ‘ತುಂಬಾ ಕೆಳಗೂ ಇರಬೇಕು, ಮೆತ್ತಗೂ ಇರಬೇಕು’ ಎಂಬುದು ನಡೆಯದ ವ್ಯಾಪಾರ.

ಮೋನೋಟ್ಯೂಬ್ ಒಳ್ಳೆಯದೋ, ಟ್ವಿನ್‌ಟ್ಯೂಬೋ?

ಮೋನೋಟ್ಯೂಬ್ (ಒಂದೇ ಕೊಳವೆಯ) ಶಾಕ್‌ನಲ್ಲಿ ಎಣ್ಣೆ ಮತ್ತು ಹೆಚ್ಚಿನ ಒತ್ತಡದ ನೈಟ್ರೋಜನ್ ನಡುವೆ ತೇಲುವ ಪಿಸ್ಟನ್ ಇರುತ್ತದೆ. ಎಣ್ಣೆ ನೊರೆಯಾಗುವುದಿಲ್ಲ, ಬಿಸಿ ಬೇಗ ಹೊರಗೆ ಹೋಗುತ್ತದೆ. ಹಾಗಾಗಿ ಸತತವಾಗಿ ಜೋರಾಗಿ ಓಡಿಸಿದಾಗಲೂ ಡ್ಯಾಂಪಿಂಗ್ ಸೋಲುವುದು ಕಡಿಮೆ. ಆದರೆ ಕೊಳವೆಗೆ ಕಲ್ಲು ಬಡಿದು ಗುಳಿ ಬಿದ್ದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒತ್ತಡದಿಂದಾಗಿ ಸೀಲ್‌ನ ಉಜ್ಜುವಿಕೆಯೂ ಹೆಚ್ಚು.

ಟ್ವಿನ್‌ಟ್ಯೂಬ್‌ನಲ್ಲಿ (ಒಂದರೊಳಗೊಂದು ಎರಡು ಕೊಳವೆ) ಒತ್ತಡ ಕಡಿಮೆ, ಉಜ್ಜುವಿಕೆ ಕಡಿಮೆ, ಅಷ್ಟೇ ಉದ್ದದಲ್ಲಿ ಹೆಚ್ಚು ಸ್ಟ್ರೋಕ್. ಹೊರಕೊಳವೆಗೆ ಸಣ್ಣ ಗುಳಿ ಬಿದ್ದರೂ ಕೆಲಸ ನಡೆಯುತ್ತದೆ. ರಸ್ತೆಗಷ್ಟೇ ಎಂದಾದರೆ ಒಳ್ಳೆಯ ಟ್ವಿನ್‌ಟ್ಯೂಬ್, ಅಗ್ಗದ ಮೋನೋಟ್ಯೂಬ್‌ಗಿಂತ ಎಷ್ಟೋ ಮೇಲು. ಹೆಸರಿಗಿಂತ ಒಳಗಿನ ವಾಲ್ವ್ ಮುಖ್ಯ.

ಕ್ಲಿಕ್‌ಗಳ ಸಂಖ್ಯೆ ಹೆಚ್ಚಿದ್ದಷ್ಟೂ ಒಳ್ಳೆಯದೇ?

ಡ್ಯಾಂಪಿಂಗ್ ಹೊಂದಿಸುವ ಗುಂಡಿಯ ಮೂವತ್ತೆರಡು ಕ್ಲಿಕ್‌ನಲ್ಲಿ ಇಪ್ಪತ್ತು ಏನೂ ಮಾಡದಿದ್ದರೆ ಏನು ಪ್ರಯೋಜನ? ಕೇಳಬೇಕಾದದ್ದು ಆ ಗುಂಡಿ ಏನನ್ನು ಬದಲಿಸುತ್ತದೆ ಎಂದು. ಒಂದೇ ಗುಂಡಿ ಇರುವ ಹಲವು ಕಿಟ್‌ಗಳಲ್ಲಿ ರೀಬೌಂಡ್ (ಶಾಕ್ ಹಿಗ್ಗುವಾಗಿನ ತಡೆ), ಕಂಪ್ರೆಷನ್ (ಕುಗ್ಗುವಾಗಿನ ತಡೆ) ಎರಡೂ ಒಟ್ಟಿಗೇ ಏರುತ್ತವೆ. ಬಿಲ್‌ಸ್ಟೈನ್ ಬಿ16 ಹಾಗೆ. ಕೆಡಬ್ಲ್ಯೂ ಸಾಲಿನಲ್ಲಿ ವೇರಿಯಂಟ್ 1ಕ್ಕೆ ಡ್ಯಾಂಪಿಂಗ್ ಹೊಂದಾಣಿಕೆಯೇ ಇಲ್ಲ, 2ರಲ್ಲಿ ರೀಬೌಂಡ್, 3ರಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಹೊಂದಾಣಿಕೆ ಇಲ್ಲದ್ದು ಕೀಳೆಂದೇನೂ ಅಲ್ಲ. ಸ್ಪ್ರಿಂಗ್ ಬದಲಿಸುವ ಯೋಚನೆ ಇಲ್ಲದವರಿಗೆ, ತಯಾರಕರೇ ಸರಿಯಾಗಿ ಕೂರಿಸಿಕೊಟ್ಟ ವಾಲ್ವ್ ನೆಮ್ಮದಿ.

ಎಣಿಕೆ ಯಾವಾಗಲೂ ಪೂರ್ತಿ ಗಟ್ಟಿ ತುದಿಯಿಂದ ಶುರುವಾಗಲಿ, ನಾಲ್ಕೂ ಮೂಲೆಯಲ್ಲಿ. ತುದಿ ತಲುಪಿದ ಮೇಲೆ ಬೆರಳಿನ ಬಲಕ್ಕಿಂತ ಹೆಚ್ಚು ಒತ್ತಬೇಡಿ, ಒಳಗಿನ ಸೂಜಿ ಹಾಳಾಗುತ್ತದೆ. ಒಮ್ಮೆಗೆ ಒಂದೇ ತುದಿ, ಮುಂದೆ ಅಥವಾ ಹಿಂದೆ, ಎರಡು ಕ್ಲಿಕ್ ಬದಲಿಸಿ ಅದೇ ರಸ್ತೆಯಲ್ಲಿ ಓಡಿಸಿ. ಉಬ್ಬು ದಾಟಿದ ಮೇಲೆ ಕಾರು ತೇಲಿದರೆ ರೀಬೌಂಡ್ ಸಾಲದು. ಸಾಲು ಉಬ್ಬುಗಳ ಮೇಲೆ ಕಾರು ಬರಬರುತ್ತ ಕುಸಿದು ಕೂರುತ್ತಿದ್ದರೆ ರೀಬೌಂಡ್ ಅತಿಯಾಗಿದೆ. ಒಂದು ಉಬ್ಬಿನಿಂದ ಚಕ್ರ ಕೆಳಗಿಳಿಯುವ ಮೊದಲೇ ಮುಂದಿನದು ಬಂದಿರುತ್ತದೆ. ಚೂಪಾದ ಅಂಚಿಗೆ ಪೆಟ್ಟು ಬಿದ್ದಂತಾದರೆ ಕಂಪ್ರೆಷನ್ ಇಳಿಸಿ ನೋಡಿ. ಆದರೆ ಅದಕ್ಕೂ ಮೊದಲು ಬಂಪ್ ಸ್ಟಾಪ್ ತಾಗುತ್ತಿದೆಯೇ ನೋಡಿ.

ಬಂಪ್ ಸ್ಟಾಪ್ ತಾಗುತ್ತಿದೆಯೆಂದು ತಿಳಿಯುವುದು ಹೇಗೆ?

ಒಂದು ಸಣ್ಣ ಜಿಪ್ ಟೈ ಸಾಕು. ಶಾಕ್‌ನ ಹೊಳೆಯುವ ರಾಡ್‌ಗೆ ಬಿಗಿಯಾಗಿ ಸುತ್ತಿ, ಬಾಲ ಕತ್ತರಿಸಿ, ಸೀಲ್ ಮುಟ್ಟುವವರೆಗೆ ಕೆಳಗೆ ತಳ್ಳಿ. ದಿನನಿತ್ಯದ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಶಾಕ್ ದೇಹ ಜಿಪ್ ಟೈಯನ್ನು ಎಷ್ಟು ಮೇಲೆ ತಳ್ಳಿದೆಯೋ ಅಷ್ಟು ಸ್ಟ್ರೋಕ್ ಬಳಕೆಯಾಗಿದೆ. ಅದು ಬಂಪ್ ಸ್ಟಾಪ್‌ನೊಳಗೆ ಹೂತುಹೋಗಿದ್ದರೆ ಉತ್ತರ ಸಿಕ್ಕಿತು: ಕಾರನ್ನು ಎತ್ತರಿಸಬೇಕು ಅಥವಾ ಸ್ಪ್ರಿಂಗ್ ಗಟ್ಟಿ ಮಾಡಬೇಕು. ತಲೆಕೆಳಗಾದ ಮೋನೋಟ್ಯೂಬ್‌ಗಳಲ್ಲಿ ರಾಡ್ ಒಳಗೆ ಅಡಗಿರುವುದರಿಂದ ಈ ಉಪಾಯ ನಡೆಯದು.

ಬಂಪ್ ಸ್ಟಾಪ್ ಕಿತ್ತು ಬಿಸಾಡಿ ಜಾಗ ಮಾಡಿಕೊಳ್ಳುವವರಿದ್ದಾರೆ. ಆಗ ಪಿಸ್ಟನ್ ನೇರವಾಗಿ ಲೋಹಕ್ಕೆ ಬಡಿಯುತ್ತದೆ, ರಸ್ತೆಯ ಒಂದೇ ಗುಂಡಿಗೆ ಶಾಕ್ ಹಾಳಾಗುತ್ತದೆ.

ಹಾಗಾದರೆ ಎಷ್ಟು ಇಳಿಸಬಹುದು?

ರಸ್ತೆಯ ಕಾರಿಗೆ ಮೂಲ ಎತ್ತರದಿಂದ 25–40 ಮಿ.ಮೀ. ನಮ್ಮ ಸಲಹೆ. ಅದರಾಚೆ ನೋಟ ಚೆಂದ, ಓಟ ಕಷ್ಟ. ಕಾರಣ ಇಲ್ಲಿದೆ. ಸ್ಟ್ರಟ್ ಇರುವ ಕಾರಿನಲ್ಲಿ ಲೋವರ್ ಆರ್ಮ್ ಹೊರತುದಿಯ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಕಾರನ್ನು ಅತಿಯಾಗಿ ಇಳಿಸಿದಾಗ ಆ ಇಳಿಜಾರು ತಿರುಗಿ ಹೊರತುದಿ ಮೇಲಾಗುತ್ತದೆ. ಆಗ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು), ಕಾರಿನ ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗೆ ಬೀಳುತ್ತದೆ. ಎರಡರ ಅಂತರ ಹೆಚ್ಚಿದಷ್ಟೂ ತಿರುವಿನಲ್ಲಿ ಕಾರು ಹೆಚ್ಚು ವಾಲುತ್ತದೆ. ತಗ್ಗಿಸಿದ್ದು ವಾಲಬಾರದೆಂದು, ಆದದ್ದು ತಿರುಗಾಮುರುಗಾ. ಸ್ಟೀರಿಂಗ್‌ನಿಂದ ಚಕ್ರ ತಿರುಗಿಸುವ ಟೈ ರಾಡ್‌ನ ಕೋನವೂ ಕೆಟ್ಟು, ಉಬ್ಬಿನ ಮೇಲೆ ಸ್ಟೀರಿಂಗ್ ತಾನೇ ಎಳೆಯತೊಡಗುತ್ತದೆ.

ಕಾರನ್ನು ಸಮನೆಲದಲ್ಲಿ ನಿಲ್ಲಿಸಿ ಬಗ್ಗಿ ನೋಡಿ. ಲೋವರ್ ಆರ್ಮ್ ನೆಲಕ್ಕೆ ಸಮಾನಾಂತರವಾಗುವಲ್ಲಿಗೆ ನಿಲ್ಲಿಸಿ. ಇನ್ನೂ ಇಳಿಸಲೇಬೇಕೆಂದರೆ ಉದ್ದ ಪಿನ್‌ನ ಬಾಲ್ ಜಾಯಿಂಟ್, ಅದಕ್ಕೆ ಹೊಂದುವ ಟೈ ರಾಡ್ ಎಂಡ್ ಎರಡನ್ನೂ ಒಟ್ಟಿಗೆ ಹಾಕಿ.

ಅಳತೆ ತೆಗೆಯುವಾಗ ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿ ಎಲ್ಲವೂ ಲೆಕ್ಕದೊಳಗೆ ಬರುತ್ತವೆ.

ಟಾಪ್ ಮೌಂಟ್ ರಬ್ಬರಿನದೋ, ಪಿಲ್ಲೋಬಾಲೋ?

ಟಾಪ್ ಮೌಂಟ್ ಎಂದರೆ ಶಾಕ್‌ನ ಮೇಲ್ತುದಿಯನ್ನು ಕಾರಿಗೆ ಕಟ್ಟುವ ಭಾಗ. ಪಿಲ್ಲೋಬಾಲ್ ಲೋಹದ ಗುಂಡು. ಸ್ಟೀರಿಂಗ್ ನಿಖರವಾಗುತ್ತದೆ, ಕ್ಯಾಂಬರ್ ಪ್ಲೇಟ್ ಜೊತೆ ಬಂದರೆ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ವಾಲಿದ ಕೋನ) ಹೊಂದಿಸಬಹುದು. ಬದಲಿಗೆ ಸದ್ದು ಕ್ಯಾಬಿನ್ನಿಗೆ ಬರುತ್ತದೆ, ಧೂಳು ನೀರಿಗೆ ಬೇಗ ಸವೆಯುತ್ತದೆ. ದಿನಾ ಓಡಿಸುವವರು ರಬ್ಬರ್ ಉಳಿಸಿಕೊಳ್ಳಿ. ಮುಂದಿನ ಕ್ಯಾಂಬರ್ ರಸ್ತೆಗೆ ಮೈನಸ್ 1.5ರಿಂದ 2 ಡಿಗ್ರಿ ಸಾಕು. ಟೈರಿನ ಒಳಅಂಚು ಸವೆದರೆ ಎಲ್ಲರೂ ಕ್ಯಾಂಬರನ್ನು ಬೈಯುತ್ತಾರೆ. ತಪ್ಪು ಹೆಚ್ಚಾಗಿ ಟೋದ್ದು (ಮೇಲಿಂದ ನೋಡಿದಾಗ ಚಕ್ರದ ಮುಂತುದಿ ಒಳಗೋ ಹೊರಗೋ ತಿರುಗಿರುವುದು).

ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಇದೆ. ಎರಡನ್ನೂ ಒಂದೇ ಕಡೆ ಸೇರಿಸುವ ಕಿಟ್ ಹಾಕಬಹುದೇ?

ಯೋಚಿಸಿ ಹಾಕಿ. ಅಂಥ ಕಾರುಗಳಲ್ಲಿ ಭಾರ ಹೊರುವುದು ಸ್ಪ್ರಿಂಗ್ ಕೂರುವ ಜಾಗ. ಶಾಕ್‌ನ ಮೇಲ್ತುದಿ ಕಟ್ಟಿರುವ ತಗಡು ಡ್ಯಾಂಪಿಂಗ್ ಬಲ ತಡೆಯುವಷ್ಟು ಮಾತ್ರ ಗಟ್ಟಿ. ಇಡೀ ಮೂಲೆಯ ಭಾರ ಅಲ್ಲಿಗೆ ಬಂದರೆ ತಗಡು ಬಿರಿಯಬಹುದು. ಬಲವರ್ಧನೆ ಪ್ಲೇಟ್ ಇಲ್ಲದೆ ಬೇಡ. ಲೋವರ್ ಆರ್ಮ್ ಕಡೆಯ ಬೋಲ್ಟನ್ನೂ ಮರೆಯಬೇಡಿ.

ಕಿಟ್ ಜೊತೆಗೆ ಇನ್ನೇನು ಬೇಕು?

ಸ್ಟೆಬಿಲೈಸರ್ ಬಾರ್‌ಗೆ (ತಿರುವಿನಲ್ಲಿ ವಾಲುವುದನ್ನು ತಡೆಯುವ ಸರಳು) ಉದ್ದ ಹೊಂದಿಸಬಹುದಾದ ಲಿಂಕ್ ರಾಡ್. ಹಳೆಯದೇ ಉಳಿದರೆ ಬಾರ್‌ನ ತೋಳು ಡ್ರೈವ್ ಶಾಫ್ಟಿಗೋ ಆರ್ಮಿಗೋ ತಾಗಬಹುದು. ಒಮ್ಮೆ ಮಾತ್ರ ಬಳಸುವ ಬೋಲ್ಟ್‌ಗಳಿದ್ದರೆ ಹೊಸವು. ಬ್ರೇಕ್ ಹೋಸ್‌ನ ಕ್ಲಿಪ್. ಹಿಂದೆ ಕ್ಯಾಂಬರ್ ಅತಿಯಾಗುವ ಕಾರುಗಳಿಗೆ ಹೊಂದಾಣಿಕೆಯ ಆರ್ಮ್. ಸ್ಪ್ರಿಂಗ್ ಬೇರೆ ಕೊಳ್ಳುವುದಾದರೆ ಒಳವ್ಯಾಸ ನೋಡಿ: 60, 65, 70 ಮಿ.ಮೀ. ಮತ್ತು ಎರಡೂವರೆ ಇಂಚು ಎಂದರೆ 63.5 ಮಿ.ಮೀ. 65ಕ್ಕೂ 63.5ಕ್ಕೂ ವ್ಯತ್ಯಾಸ ಒಂದೂವರೆ ಮಿ.ಮೀ. ಅಷ್ಟೇ, ಆದರೂ ಒಂದರ ತಟ್ಟೆಯ ಮೇಲೆ ಇನ್ನೊಂದನ್ನು ಕೂರಿಸಬಾರದು.

ಎಲೆಕ್ಟ್ರಾನಿಕ್ ಶಾಕ್ ಇರುವ ಕಾರಿಗೆ?

ಕಂಪನಿಯ ಶಾಕ್‌ನ ಪ್ಲಗ್ ತೆಗೆದ ಕೂಡಲೇ ಎಚ್ಚರಿಕೆ ದೀಪ ಹತ್ತುತ್ತದೆ. ಆ ಮಾದರಿಗೇ ಬರುವ ಕ್ಯಾನ್ಸಲೇಷನ್ ಮಾಡ್ಯೂಲ್ ಅಥವಾ ಕೋಡಿಂಗ್ ಬೇಕು. ಎತ್ತರ ಅಳೆಯುವ ಸೆನ್ಸರ್ ಇದ್ದರೆ ಅದರ ಕಡ್ಡಿಯನ್ನೂ ಹೊಂದಿಸಿ; ಇಲ್ಲದಿದ್ದರೆ ಹೆಡ್‌ಲೈಟ್ ತಪ್ಪು ಕಡೆ ಬೀಳುತ್ತದೆ.

ಕೂರಿಸುವಾಗ ಹೆಚ್ಚು ಆಗುವ ತಪ್ಪುಗಳು ಯಾವುವು?

ಎಲ್ಲಕ್ಕಿಂತ ದೊಡ್ಡದು ಬುಷ್ (ಆರ್ಮ್ ತುದಿಯ ರಬ್ಬರ್ ಕೀಲು) ಬೋಲ್ಟ್‌ಗಳನ್ನು ಚಕ್ರ ತೂಗಾಡುತ್ತಿರುವಾಗಲೇ ಬಿಗಿಯುವುದು. ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಗಾಳಿಯಲ್ಲಿ ಬಿಗಿದರೆ ಕಾರು ನೆಲಕ್ಕಿಳಿದಾಗ ಬುಷ್ ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಅದು ಇನ್ನೊಂದು ಸ್ಪ್ರಿಂಗ್‌ನಂತೆ ಕಾರನ್ನು ಮೇಲೆ ಹಿಡಿದಿಟ್ಟು, ಕೆಲ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟ್‌ಗಳನ್ನು ಸಡಿಲ ಬಿಟ್ಟು, ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು, ಹಬ್‌ನಿಂದ ಮಡ್‌ಗಾರ್ಡ್‌ವರೆಗಿನ ಅಳತೆ ನಿಮ್ಮ ಗುರಿಗೆ ಬಂದಾಗ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ.

ರಾಡ್ ತುದಿಯ ನಟ್‌ಗೆ ಇಂಪ್ಯಾಕ್ಟ್ ಗನ್ ಬೇಡ. ರಾಡ್ ಗಿರಗಿರನೆ ತಿರುಗಿ ಸೀಲ್, ಪಿಸ್ಟನ್ ನಟ್ ಎರಡಕ್ಕೂ ಪೆಟ್ಟು. ಅಲೆನ್ ಕೀಯಿಂದ ರಾಡ್ ಹಿಡಿದು ಸ್ಪ್ಯಾನರ್‌ನಿಂದ ಬಿಗಿಯಿರಿ. ಟ್ವಿನ್‌ಟ್ಯೂಬ್ ಆದರೆ ಕೂರಿಸುವ ಮೊದಲು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಿರಿ, ಒಳಗಿನ ಗಾಳಿ ಮೇಲೆ ಬರಲಿ. ಎಡಬಲ ಶಾಕ್‌ಗಳ ಉದ್ದ ಮೇಜಿನ ಮೇಲೆಯೇ ಸರಿಹೊಂದಿಸಿ. ಟೈರಿಗೂ ಶಾಕ್‌ಗೂ ನಡುವೆ ಕನಿಷ್ಠ 5 ಮಿ.ಮೀ. ಸಂದು ಇರಲಿ.

ಕೆಲಸ ಮುಗಿದ ದಿನವೇ ಟೋ ಒಂದನ್ನಾದರೂ ಹೊಂದಿಸಿ. 200–300 ಕಿ.ಮೀ. ಓಡಿದ ಮೇಲೆ ಎತ್ತರ ಮತ್ತೆ ಅಳೆದು, ನಟ್‌ಗಳನ್ನು ಪರೀಕ್ಷಿಸಿ, ಆಮೇಲೆ ಪೂರ್ತಿ ಅಲೈನ್‌ಮೆಂಟ್.

ಕಾರ್ನರ್ ವೆಯ್ಟ್ ಮಾಡಿಸಲೇಬೇಕೇ?

ಕಾರ್ನರ್ ವೆಯ್ಟ್ ಎಂದರೆ ನಾಲ್ಕೂ ಚಕ್ರಗಳ ಮೇಲಿನ ಭಾರ ಅಳೆದು ಹೊಂದಿಸುವುದು. ಟ್ರ್ಯಾಕ್‌ಗೆ ಹೋಗುವವರು ಮಾಡಿಸಿ. ಚಾಲಕರಷ್ಟು ತೂಕ ಸೀಟಿನಲ್ಲಿಟ್ಟು, ಟೈರ್ ಗಾಳಿ ಸರಿಮಾಡಿ, ಸ್ಟೆಬಿಲೈಸರ್ ಲಿಂಕ್ ಬಿಚ್ಚಿ, ನಾಲ್ಕು ತಕ್ಕಡಿಗಳ ಮೇಲೆ ನಿಲ್ಲಿಸುತ್ತಾರೆ. ಮುಂದಿನ ಬಲ ಮತ್ತು ಹಿಂದಿನ ಎಡ ಸೇರಿ ಒಟ್ಟು ತೂಕದ ಅರ್ಧ ಇರಬೇಕು. 1300 ಕೆಜಿಯ ಕಾರಿನಲ್ಲಿ ಆ ಎರಡರ ಮೊತ್ತ 640 ಬಂದರೆ ಶೇ. 49.2. ಒಂದು ಮೂಲೆ ಎತ್ತರಿಸಿದರೆ ಅದರ ಮೇಲೂ, ಅದಕ್ಕೆ ಕರ್ಣದಲ್ಲಿರುವ ಮೂಲೆಯ ಮೇಲೂ ಭಾರ ಹೆಚ್ಚುತ್ತದೆ. ಅಲೈನ್‌ಮೆಂಟ್ ಇದಾದ ಮೇಲೆ.

ಸದ್ದು ಬರುತ್ತಿದೆ, ಎಲ್ಲಿ ಹುಡುಕುವುದು?

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ತಂತಿ ಮೀಟಿದಂತೆ ‘ಟ್ವಂಯ್’ ಎಂದರೆ ಸ್ಪ್ರಿಂಗ್ ಟಾಪ್ ಮೌಂಟ್‌ನಲ್ಲಿ ಸಲೀಸಾಗಿ ತಿರುಗುತ್ತಿಲ್ಲ. ಬೇರಿಂಗ್ ತಲೆಕೆಳಗಾಗಿ ಕೂತಿದೆಯೋ, ಬಿಟ್ಟೇಹೋಗಿದೆಯೋ ನೋಡಿ. ಸಣ್ಣ ಉಬ್ಬಿಗೆಲ್ಲ ‘ಲೊಟ್ ಲೊಟ್’ ಎಂದರೆ ಲಿಂಕ್ ರಾಡ್ ಅಥವಾ ಟಾಪ್ ನಟ್ ಸಡಿಲ. ಚಕ್ರ ಇಳಿಬಿದ್ದಾಗ ಮಾತ್ರ ಬಂದರೆ ಸ್ಪ್ರಿಂಗ್ ತಟ್ಟೆ ಬಿಟ್ಟು ಎದ್ದು ಮತ್ತೆ ಕೂರುತ್ತಿದೆ. ಹೆಲ್ಪರ್ ಸ್ಪ್ರಿಂಗ್ ಬೇಕು. ಅದು ಭಾರ ಹೊರುವುದಕ್ಕಲ್ಲ, ಮುಖ್ಯ ಸ್ಪ್ರಿಂಗನ್ನು ಜಾಗದಲ್ಲಿ ಹಿಡಿಯುವುದಕ್ಕೆ. ಲಾಕ್ ರಿಂಗ್‌ಗಳನ್ನೂ ಎರಡು ಸ್ಪ್ಯಾನರ್ ಹಿಡಿದು ಒಮ್ಮೆ ನೋಡಿ.

ಸೆಕೆಂಡ್ ಹ್ಯಾಂಡ್ ಕಿಟ್ ಕೊಳ್ಳಬಹುದೇ?

ರಿಪೇರಿಗೆ ಬಿಡಿಭಾಗ ಸಿಗುವ ಕಿಟ್ ಆದರೆ ಸರಿ, ರೀಬಿಲ್ಡ್ ಖರ್ಚು ಮೊದಲೇ ಸೇರಿಸಿ ಲೆಕ್ಕ ಹಾಕಿ. ರಾಡ್ ಮೇಲೆ ಉಗುರು ಎಳೆಯಿರಿ. ಗೀರು ಸಿಕ್ಕಿದರೆ ಅದು ಸೀಲ್ ತಿನ್ನುತ್ತದೆ. ಸೀಲ್ ಸುತ್ತ ತೆಳು ಜಿಡ್ಡು ಸಹಜ, ತೊಟ್ಟಿಕ್ಕುವ ಎಣ್ಣೆ ಅಲ್ಲ. ಮೋನೋಟ್ಯೂಬ್‌ನ ರಾಡನ್ನು ಒತ್ತಿ ಬಿಟ್ಟರೆ ನಿಧಾನವಾಗಿ ತಾನೇ ಹೊರಗೆ ಬರಬೇಕು. ಬಾರದಿದ್ದರೆ ಗ್ಯಾಸ್ ಹೋಗಿದೆ. ಮುಖ್ಯವಾಗಿ, ತಟ್ಟೆಯೂ ಲಾಕ್ ರಿಂಗ್ ಕೂಡ ತಿರುಗುತ್ತವೆಯೇ ನಿಮ್ಮ ಕೈಯಾರೆ ನೋಡಿ. ಸ್ಟೀಲ್ ದೇಹದ ಮೇಲೆ ಅಲ್ಯೂಮಿನಿಯಂ ರಿಂಗ್ ಉಪ್ಪುನೀರಿಗೆ ಬೆಸೆದಂತೆ ಅಂಟಿಕೊಳ್ಳುತ್ತದೆ. ಅಂಥ ಜಾಗದಲ್ಲಿ ಓಡಿಸುವವರಿಗೆ ಕೆಡಬ್ಲ್ಯೂನಂತೆ ಸ್ಟೇನ್‌ಲೆಸ್ ದೇಹದ ಕಿಟ್ ಮೇಲು. ಹೊಸದೇ ಕೊಂಡರೂ ಆರು ತಿಂಗಳಿಗೊಮ್ಮೆ ಥ್ರೆಡ್‌ಗಳನ್ನು ನೈಲಾನ್ ಬ್ರಷ್‌ನಿಂದ ಉಜ್ಜಿ, ತೊಳೆದು, ಒಣಗಿದ ಮೇಲೆ ರಿಂಗನ್ನು ಒಂದು ಸುತ್ತು ತಿರುಗಿಸಿ ಮತ್ತೆ ಅದೇ ಗುರುತಿಗೆ ತನ್ನಿ.